ಘಾನಾದಲ್ಲಿ ಉಳಿದ ಒಂದು ಪ್ರತಿ

1989ರ ಡಿಸೆಂಬರ್. ಬರ್ಲಿನ್ ಗೋಡೆ ಬಿದ್ದು ತಿಂಗಳಾಗಿತ್ತಷ್ಟೆ. ಬಹುಪಾಲು ಕಚೇರಿಗಳಲ್ಲಿ ಕಂಪ್ಯೂಟರು ಇನ್ನೂ ಮೇಜಿನ ಮೇಲೆ ಕೂತ ಒಂಟಿ ಯಂತ್ರ. ಊರಿಂದೂರಿಗೆ ಅದನ್ನು ಬೆಸೆಯುವ ಜಾಲ ಸಾಮಾನ್ಯರ ಕೈಗೆ ಬಂದಿರಲಿಲ್ಲ. ಅಂಥ ದಿನಗಳಲ್ಲಿ ಲಂಡನ್ನಿನಿಂದ ಸುಮಾರು 20,000 ಫ್ಲಾಪಿಗಳು ಅಂಚೆಯ ಮೂಲಕ ದೇಶದೇಶಗಳಿಗೆ ಹೊರಟವು. ಏಡ್ಸ್ ರೋಗದ ಬಗ್ಗೆ ತಿಳಿವಳಿಕೆ ನೀಡುವ ಪ್ರಶ್ನಾವಳಿ ಅದರಲ್ಲಿದೆ ಎಂದು ಹೊದಿಕೆಯ ಮೇಲೆ ಬರೆದಿತ್ತು. ಆ ಕಾಯಿಲೆಯ ಭಯ ಜಗತ್ತನ್ನು ಆವರಿಸಿದ್ದ ಕಾಲ ಅದು. ಜನ ನಂಬಿ ಫ್ಲಾಪಿಯನ್ನು ಯಂತ್ರಕ್ಕೆ ಹಾಕಿದರು.

ಕಂಪ್ಯೂಟರನ್ನು ಸುಮಾರು 90 ಸಲ ಚಾಲೂ ಮಾಡುವವರೆಗೆ ಏನೂ ಆಗಲಿಲ್ಲ. ಆಮೇಲೊಂದು ದಿನ ಕಡತಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾದವು. ಪರವಾನಗಿ ಶುಲ್ಕವೆಂದು 189 ಡಾಲರನ್ನು ಪನಾಮಾದ ಒಂದು ಅಂಚೆಪೆಟ್ಟಿಗೆಗೆ ಕಳುಹಿಸಬೇಕೆಂಬ ಆಜ್ಞೆ ಪರದೆಯ ಮೇಲೆ ಮೂಡಿತು. ಇದರ ಹಿಂದಿದ್ದವನು ಹಾರ್ವರ್ಡಿನಲ್ಲಿ ಓದಿದ ಜೀವವಿಜ್ಞಾನಿ ಜೋಸೆಫ್ ಪಾಪ್. ಆತ ಸೆರೆ ಸಿಕ್ಕ; ವಿಚಾರಣೆ ಎದುರಿಸುವ ಮನಃಸ್ಥಿತಿ ಅವನಿಗಿಲ್ಲವೆಂದು ನ್ಯಾಯಾಲಯ ಕೈಬಿಟ್ಟಿತು. ಬ್ರಿಟನ್ನಿನ ತಜ್ಞ ಜಿಮ್ ಬೇಟ್ಸ್ ಆ ಬೀಗವನ್ನು ತೆರೆಯುವ ಪ್ರೋಗ್ರಾಮನ್ನು ಬರೆದು ಹಂಚಿದರು. ಹೆಸರುಗಳನ್ನು ಕೆಡಿಸಿದ ಕ್ರಮ ಆ ಫ್ಲಾಪಿಯ ಒಳಗೇ ಅಡಗಿದ್ದರಿಂದ ಅದನ್ನು ಹುಡುಕಿ ತಿರುಗಿಸುವುದು ಸಾಧ್ಯವಾಯಿತು.

ರ‍್ಯಾನ್ಸಮ್‌ವೇರ್ ಯುಗದ, ಅಂದರೆ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ತಂತ್ರಾಂಶಗಳ ಯುಗದ, ಮೊದಲ ಅಧ್ಯಾಯ ಹೀಗೆ ಸಣ್ಣದಾಗಿ ಮುಗಿಯಿತು. ಸುಲಿಗೆಗಾರನಿಗೆ ಆಗ ಎರಡು ಕೊರತೆಗಳಿದ್ದವು. ಯಾರೂ ಒಡೆಯಲಾಗದ ಬೀಗ ಅವನಲ್ಲಿರಲಿಲ್ಲ. ಸಿಕ್ಕಿಬೀಳದೆ ಹಣ ಪಡೆಯುವ ದಾರಿಯೂ ಇರಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎರಡೂ ಒದಗಿಬಂದವು.

ಬೀಗವೂ ನಾಣ್ಯವೂ

1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ವಿದ್ವಾಂಸರು ಒಂದು ಎಚ್ಚರಿಕೆಯ ಪ್ರಬಂಧವನ್ನು ಮಂಡಿಸಿದರು. ಗೂಢಲಿಪಿ ಶಾಸ್ತ್ರದಲ್ಲಿ ಜೋಡಿ ಕೀಲಿಗಳ ಪದ್ಧತಿಯೊಂದಿದೆ: ಒಂದು ಕೀಲಿಯಿಂದ ಮುಚ್ಚಿದ್ದನ್ನು ಅದರ ಜೊತೆಗಾರ ಕೀಲಿಯಿಂದ ಮಾತ್ರ ತೆರೆಯಬಹುದು. ದಾಳಿಕೋರನು ಮುಚ್ಚುವ ಕೀಲಿಯನ್ನಷ್ಟೇ ವೈರಸ್ಸಿನೊಳಗಿಟ್ಟು, ತೆರೆಯುವ ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಂಡರೆ ಜಿಮ್ ಬೇಟ್ಸರಂಥ ಎಷ್ಟು ಜನ ಕೂತು ವೈರಸ್ಸನ್ನು ಬಗೆದು ನೋಡಿದರೂ ಪ್ರಯೋಜನವಿಲ್ಲ ಎಂದು ಅವರು ತೋರಿಸಿಕೊಟ್ಟರು. ಅವರು ಇದನ್ನು ಬರೆದದ್ದು ಮುಂದಿನವರು ರಕ್ಷಣೆ ಹುಡುಕಲೆಂದು. ಕೇಳಿಸಿಕೊಂಡವರು ಕಡಿಮೆ.

2009ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಚಲಾವಣೆಗೆ ಬಂತು. ಪನಾಮಾದ ಅಂಚೆಪೆಟ್ಟಿಗೆಯ ಕಾಲ ಮುಗಿಯಿತು. ಹೆಸರು ಹೇಳದೆ, ಬ್ಯಾಂಕಿನ ಮುಖ ನೋಡದೆ, ಸಾಗರದಾಚೆಯಿಂದ ಹಣ ವಸೂಲಿ ಮಾಡುವ ದಾರಿ ತೆರೆಯಿತು. 2013ರ ಸೆಪ್ಟೆಂಬರಿನಲ್ಲಿ ಕ್ರಿಪ್ಟೋಲಾಕರ್ ಎಂಬ ಸುಲಿಗೆ ತಂತ್ರಾಂಶ ಕಾಣಿಸಿಕೊಂಡಾಗ ಬೀಗ ಮತ್ತು ನಾಣ್ಯ ಎರಡೂ ಒಂದೇ ಕೈಗೆ ಸೇರಿದ್ದವು. ಇ-ಮೇಲಿನ ಜೊತೆಗೆ ಬಂದ ಕಡತವನ್ನು ತೆರೆದವರಿಗೆ 72 ಗಂಟೆಗಳ ಗಡುವು. ಅಷ್ಟರೊಳಗೆ ಹಣ ಬಾರದಿದ್ದರೆ ಕೀಲಿ ನಾಶವಾಗುತ್ತದೆಂಬ ಬೆದರಿಕೆ. 2014ರ ಜೂನಿನಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಅದನ್ನು ಹರಡುತ್ತಿದ್ದ ಜಾಲವನ್ನು ಮುರಿದರು. ಆಗಸ್ಟಿನಲ್ಲಿ ಸಂತ್ರಸ್ತರಿಗೆ ಕೀಲಿಗಳು ಉಚಿತವಾಗಿ ದೊರೆತವು. ಆದರೆ ಈ ದಂಧೆಯಲ್ಲಿ ಹಣವಿದೆಯೆಂಬ ಸುದ್ದಿ ಆಗಲೇ ಹಬ್ಬಿತ್ತು. 2016ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಆಸ್ಪತ್ರೆ ತನ್ನ ದಾಖಲೆಗಳನ್ನು ಬಿಡಿಸಿಕೊಳ್ಳಲು 40 ಬಿಟ್‌ಕಾಯಿನ್, ಅಂದರೆ ಅಂದಿನ ಸುಮಾರು 17,000 ಡಾಲರ್, ತೆತ್ತಿತು. ಆಡಳಿತದವರಿಗೆ ಅದೇ ಹತ್ತಿರದ ದಾರಿಯಾಗಿ ಕಂಡಿತು.

2017ರ ಮೇ

ಅಮೆರಿಕದ ಗೂಢಚರ ಸಂಸ್ಥೆಯದೆನ್ನಲಾದ ಅಸ್ತ್ರಗಳನ್ನು ‘ಶ್ಯಾಡೋ ಬ್ರೋಕರ್ಸ್’ ಎಂದು ಕರೆದುಕೊಂಡ ಗುಂಪೊಂದು 2017ರ ಏಪ್ರಿಲ್ 14ರಂದು ಬಹಿರಂಗಗೊಳಿಸಿತು. ಅದರಲ್ಲಿ ಎಟರ್ನಲ್‌ಬ್ಲೂ ಎಂಬುದೊಂದು. ವಿಂಡೋಸಿನ ಒಂದು ಬಿರುಕಿನೊಳಗಿಂದ ನುಸುಳಿ, ಯಾರೂ ಏನನ್ನೂ ಒತ್ತದೆಯೇ ಯಂತ್ರದಿಂದ ಯಂತ್ರಕ್ಕೆ ಹಾಯುವ ಶಕ್ತಿ ಅದಕ್ಕಿತ್ತು. ಆ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಒಂದು ತಿಂಗಳ ಮೊದಲೇ, ಮಾರ್ಚ್ 14ರಂದು, ಕೊಟ್ಟಾಗಿತ್ತು.

ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ಹುಳು ಅದೇ ಬಿರುಕಿನಿಂದ ನುಗ್ಗಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಕಟ್ಟಿಹಾಕಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವು. ಮಾರ್ಕಸ್ ಹಚಿನ್ಸ್ ಎಂಬ ಯುವಕ ಆ ಹುಳುವಿನೊಳಗೆ ಬರೆದಿದ್ದ ವಿಚಿತ್ರ ವೆಬ್ ವಿಳಾಸವೊಂದನ್ನು ಕಂಡು, ಹತ್ತು ಹನ್ನೊಂದು ಡಾಲರಿಗೆ ಅದನ್ನು ತನ್ನ ಹೆಸರಿಗೆ ನೋಂದಾಯಿಸಿದ. ಆ ವಿಳಾಸ ಜೀವಂತವಾದೊಡನೆ ಹುಳುವಿನ ಓಟ ನಿಂತಿತು. ಜಗತ್ತು ನಿಟ್ಟುಸಿರು ಬಿಟ್ಟಿತು. ಎಷ್ಟೋ ಕಚೇರಿಗಳು ಆಗಲೂ ಮಾರ್ಚ್ ತಿಂಗಳ ಅಪ್‌ಡೇಟನ್ನು ಹಾಕಿಕೊಳ್ಳಲಿಲ್ಲ.

ಮೇರ್ಸ್ಕ್ ನಿಂತ ದಿನ

ಯುಕ್ರೇನಿನಲ್ಲಿ ತೆರಿಗೆ ಲೆಕ್ಕ ಸಲ್ಲಿಸಲು ಬಹುತೇಕ ಕಂಪನಿಗಳು ಬಳಸುತ್ತಿದ್ದ ಎಂ.ಇ.ಡಾಕ್ ಎಂಬ ಲೆಕ್ಕಪತ್ರದ ತಂತ್ರಾಂಶವೊಂದಿತ್ತು. ಅದನ್ನು ತಯಾರಿಸುತ್ತಿದ್ದುದು ಕೀವ್ ನಗರದ ಒಂದು ಕುಟುಂಬದ ಸಣ್ಣ ಕಂಪನಿ. ಅದರ ಸರ್ವರಿನೊಳಗೆ ಕಳ್ಳದಾರಿ ಮಾಡಿಕೊಂಡ ದಾಳಿಕೋರರು 2017ರ ಜೂನ್ 27ರಂದು, ಯುಕ್ರೇನಿನ ಸಂವಿಧಾನ ದಿನದ ಹಿಂದಿನ ದಿನ, ನಾಟ್‌ಪೆಟ್ಯಾ ಎಂಬ ಮಾರಿಯನ್ನು ಬಿಟ್ಟರು. ಎಟರ್ನಲ್‌ಬ್ಲೂ ಅದರ ಒಂದು ಕೈ. ಕಂಪ್ಯೂಟರಿನ ನೆನಪಿನಿಂದ ಪಾಸ್‌ವರ್ಡುಗಳನ್ನು ಹೆಕ್ಕುವ ಮಿಮಿಕ್ಯಾಟ್ಜ್ ಇನ್ನೊಂದು. ಅಪ್‌ಡೇಟ್ ಹಾಕಿಕೊಂಡ ಯಂತ್ರಕ್ಕೂ ಪಕ್ಕದ ಯಂತ್ರದಿಂದ ಕದ್ದ ಪಾಸ್‌ವರ್ಡಿನಿಂದ ಅದು ನುಗ್ಗಬಲ್ಲದಾಗಿತ್ತು. ಪರದೆಯ ಮೇಲೆ 300 ಡಾಲರಿನ ಬೇಡಿಕೆ ಮೂಡುತ್ತಿತ್ತು. ಆದರೆ ಕೊಟ್ಟವರಿಗೂ ಕಡತ ಮರಳುವ ಸಾಧ್ಯತೆಯೇ ಇರಲಿಲ್ಲ. ಒತ್ತೆಹಣದ ವೇಷ ತೊಟ್ಟ ಶುದ್ಧ ವಿನಾಶ ಅದು. ಬ್ರಿಟನ್ ಮತ್ತು ಅಮೆರಿಕ ಮುಂದೆ 2018ರಲ್ಲಿ ಇದನ್ನು ರಷ್ಯಾದ ಸೈನ್ಯದ ಕೆಲಸವೆಂದು ಹೆಸರಿಟ್ಟು ಹೇಳಿದವು.

ಡೆನ್ಮಾರ್ಕಿನ ಮೇರ್ಸ್ಕ್ ಆಗ ಜಗತ್ತಿನ ಅತಿದೊಡ್ಡ ಕಂಟೇನರ್ ಹಡಗು ಕಂಪನಿ. ಭೂಮಿಯ ಮೇಲಿನ ಕಂಟೇನರ್ ಸಾಗಣೆಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಅದರದು. 76 ಬಂದರು ಟರ್ಮಿನಲ್ಲುಗಳು ಅದರ ಕೈಯಲ್ಲಿ. ಯುಕ್ರೇನಿನ ಒಡೆಸ್ಸಾದ ಶಾಖೆಯಲ್ಲಿ ಒಂದೇ ಒಂದು ಕಂಪ್ಯೂಟರಿನಲ್ಲಿ ಎಂ.ಇ.ಡಾಕ್ ಇತ್ತು. ಅಷ್ಟೇ ಸಾಕಾಯಿತು. ಕೋಪನ್‌ಹೇಗನ್ನಿನ ಮುಖ್ಯ ಕಚೇರಿಯಲ್ಲಿ ಸಾಲುಸಾಲು ಪರದೆಗಳು ಕಪ್ಪಾದವು. ಸಿಬ್ಬಂದಿ ಕೋಣೆಯಿಂದ ಕೋಣೆಗೆ ಓಡಿ, ಸಭೆಗಳ ನಡುವೆ ನುಗ್ಗಿ, ಕಂಪ್ಯೂಟರುಗಳ ತಂತಿ ಕಿತ್ತೆಸೆದರು. ಇಡೀ ಜಾಲವನ್ನು ಕಡಿದು ಬೇರ್ಪಡಿಸಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಹಾನಿಯೆಲ್ಲ ಆಗಿಹೋಗಿತ್ತು.

ಹಡಗುಗಳು ಮುಳುಗಲಿಲ್ಲ, ಎಂಜಿನ್ನುಗಳು ನಿಲ್ಲಲಿಲ್ಲ. ಆದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ, ಅದು ಯಾರಿಗೆ ಸೇರಬೇಕು ಎಂಬ ಜ್ಞಾನ ಅಳಿಸಿಹೋಗಿತ್ತು. 17 ಟರ್ಮಿನಲ್ಲುಗಳಲ್ಲಿ ಕೆಲಸ ಸ್ಥಗಿತಗೊಂಡಿತು. ನ್ಯೂಜೆರ್ಸಿಯ ಎಲಿಜಬೆತ್ ಬಂದರಿನ ಬಾಗಿಲಲ್ಲಿ ಲಾರಿಗಳ ಸಾಲು ಮೈಲುಗಟ್ಟಲೆ ಬೆಳೆಯಿತು. ನಮ್ಮ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲೂ ಮೇರ್ಸ್ಕ್ ಗುಂಪಿನ ಟರ್ಮಿನಲ್ ಅದೇ ಗತಿ ಕಂಡಿತು. ಕೀವ್ ನಗರದ ತೆರಿಗೆ ತಂತ್ರಾಂಶದಲ್ಲಿ ಹೊತ್ತಿದ ಕಿಡಿ ಅರಬ್ಬೀ ಸಮುದ್ರದ ದಡಕ್ಕೆ ಒಂದೇ ದಿನದಲ್ಲಿ ತಲುಪಿತ್ತು.

ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ಪುನರುಜ್ಜೀವನದ ಶಿಬಿರ ತೆರೆಯಿತು. ನೂರಾರು ಜನ ಹಗಲಿರುಳು ಸೇರಿದರು. ಸುತ್ತಲಿನ ಅಂಗಡಿಗಳಿಂದ ಹೊಸ ಲ್ಯಾಪ್‌ಟಾಪುಗಳನ್ನು ರಾಶಿರಾಶಿಯಾಗಿ ಕೊಂಡು ತಂದರು. ಬಿಡಿ ಸರ್ವರುಗಳ ಬ್ಯಾಕಪ್‌ಗಳು ಸಿಕ್ಕವು. ಅವು ಮೂರರಿಂದ ಏಳು ದಿನ ಹಳೆಯವು. ಆದರೆ ಒಂದು ಪದರ ಮಾತ್ರ ಎಲ್ಲೂ ಸಿಗಲಿಲ್ಲ: ಕಂಪನಿಯ ಜಾಲದಲ್ಲಿ ಯಾರು ಯಾರು, ಯಾರಿಗೆ ಎಲ್ಲಿಗೆ ಪ್ರವೇಶವಿದೆ ಎಂಬುದನ್ನು ಹೇಳುವ ಡೊಮೇನ್ ಕಂಟ್ರೋಲರುಗಳು. ಜಗತ್ತಿನಾದ್ಯಂತ ಅಂಥವು ಸುಮಾರು 150 ಇದ್ದವು. ಒಂದು ಕೆಟ್ಟರೆ ಉಳಿದವುಗಳಿಂದ ಅದನ್ನು ತುಂಬಿಕೊಳ್ಳಬಹುದೆಂಬ ನಂಬಿಕೆಯಿಂದ ಅವು ಒಂದರೊಡನೊಂದು ಸದಾ ಹೊಂದಿಕೊಂಡಿರುತ್ತಿದ್ದವು. ನೂರೈವತ್ತೂ ಒಂದೇ ಹೊತ್ತಿಗೆ ಅಳಿಯಬಹುದೆಂದು ಯೋಜಿಸಿದವರು ಯೋಚಿಸಿರಲಿಲ್ಲ. ಅವಿಲ್ಲದೆ ಬೇರೆ ಯಾವುದನ್ನೂ ಎತ್ತಿ ನಿಲ್ಲಿಸುವಂತಿರಲಿಲ್ಲ.

ಜಗತ್ತಿನ ಕಚೇರಿಗಳಿಗೆಲ್ಲ ಕರೆ ಹೋಯಿತು. ಕಡೆಗೆ ಪಶ್ಚಿಮ ಆಫ್ರಿಕದ ಘಾನಾದಲ್ಲಿ ಒಂದು ಸಿಕ್ಕಿತು. ದಾಳಿಗೆ ಮುನ್ನ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಕಡಿದುಬಿದ್ದಿತ್ತು. ಅದೊಂದು ಮಾತ್ರ ಹಾಗೇ ಉಳಿದಿತ್ತು. ಅಲ್ಲಿನ ಇಂಟರ್ನೆಟ್ಟಿನ ವೇಗದಲ್ಲಿ ಅಷ್ಟು ದತ್ತಾಂಶ ಕಳುಹಿಸಲು ದಿನಗಟ್ಟಲೆ ಬೇಕಿತ್ತು. ಘಾನಾದ ಸಿಬ್ಬಂದಿಗೆ ಬ್ರಿಟನ್ನಿನ ವೀಸಾ ಇರಲಿಲ್ಲ. ಒಬ್ಬ ನೌಕರ ಆ ಡಿಸ್ಕನ್ನು ಹೊತ್ತು ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ನೌಕರನ ಕೈಗಿತ್ತ. ಅವನು ಅದನ್ನು ಲಂಡನ್ನಿಗೆ ತಲುಪಿಸಿದ. ಆ ಒಂದು ಪ್ರತಿಯ ಮೇಲೆ ಮೇರ್ಸ್ಕ್ ಮತ್ತೆ ಎದ್ದು ನಿಂತಿತು.

ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಕಟ್ಟಲಾಯಿತೆಂದು ಅಧ್ಯಕ್ಷ ಜಿಮ್ ಹೇಗ್‌ಮನ್ ಸ್ನಾಬೆ 2018ರಲ್ಲಿ ದಾವೋಸಿನ ಸಭೆಯಲ್ಲಿ ಹೇಳಿದರು. ಆ ಹತ್ತು ದಿನವೂ ಸರಕು ಓಡಿತು. ಜನ ವಾಟ್ಸಾಪಿನಲ್ಲಿ ಬುಕಿಂಗ್ ತೆಗೆದುಕೊಂಡರು. ಕಾಗದದಲ್ಲಿ ಲೆಕ್ಕ ಬರೆದರು. ವ್ಯವಹಾರ ಇಳಿದದ್ದು ಐದನೇ ಒಂದರಷ್ಟು ಮಾತ್ರ. ಕಂಪನಿಯ ನಷ್ಟ 25ರಿಂದ 30 ಕೋಟಿ ಡಾಲರ್. ನಾಟ್‌ಪೆಟ್ಯಾ ಜಗತ್ತಿಗೆ ಮಾಡಿದ ಒಟ್ಟು ಹಾನಿ ಸುಮಾರು 1,000 ಕೋಟಿ ಡಾಲರೆಂದು ಅಮೆರಿಕ ಸರ್ಕಾರ ಅಂದಾಜು ಮಾಡಿತು.

ಈ ಘಟನೆಯನ್ನು ಆಳವಾಗಿ ದಾಖಲಿಸಿದ ಪತ್ರಕರ್ತ ಆಂಡಿ ಗ್ರೀನ್‌ಬರ್ಗ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾರೆ. ಹಳೆಯ ಸರ್ವರುಗಳ ಬಗ್ಗೆ, ಒಳಗೋಡೆಗಳಿಲ್ಲದ ಜಾಲದ ಬಗ್ಗೆ ಮೇರ್ಸ್ಕಿನ ತಂತ್ರಜ್ಞರು ದಾಳಿಗೆ ಮೊದಲೇ ಎಚ್ಚರಿಸಿದ್ದರು. ಸುಧಾರಣೆಗೆ ಒಪ್ಪಿಗೆ ಸಿಕ್ಕಿತ್ತು; ಹಣವೂ ನಿಗದಿಯಾಗಿತ್ತು. ಆದರೆ ಮೇಲಧಿಕಾರಿಗಳ ಸಾಧನೆಯನ್ನು ಅಳೆಯುವ ಪಟ್ಟಿಯಲ್ಲಿ ಆ ಕೆಲಸ ಸೇರಿರಲಿಲ್ಲ. ಹೀಗಾಗಿ ಅದು ಮುಂದಕ್ಕೆ ಹೋಗುತ್ತಲೇ ಇತ್ತು.

ಕೊಡುವುದಿಲ್ಲವೆಂದ ಹೈಡ್ರೋ

ಎರಡು ವರ್ಷಗಳ ಬಳಿಕ, 2019ರ ಮಾರ್ಚ್ 19ರ ನಸುಕಿನಲ್ಲಿ, ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋದ ಸರದಿ ಬಂತು. 1905ರಲ್ಲಿ ಹುಟ್ಟಿದ ಸಂಸ್ಥೆ. 40 ದೇಶಗಳಲ್ಲಿ 35,000 ನೌಕರರು. ಪರಿಚಿತ ಗ್ರಾಹಕರಿಂದ ಬಂದ ಇ-ಮೇಲೊಂದಕ್ಕೆ ಅಂಟಿಕೊಂಡು ತಿಂಗಳುಗಳ ಹಿಂದೆಯೇ ಒಳಸೇರಿದ್ದ ದಾಳಿಕೋರರು ಆ ರಾತ್ರಿ ಲಾಕರ್‌ಗೋಗಾ ಎಂಬ ಬೀಗವನ್ನು ಜಡಿದರು. ಬೆಳಿಗ್ಗೆ ಓಸ್ಲೋದ ಮುಖ್ಯ ಕಚೇರಿಗೆ ಬಂದವರನ್ನು ಎದುರುಗೊಂಡದ್ದು ಬಾಗಿಲಿಗಂಟಿಸಿದ ಕಾಗದ: ಯಾವ ಉಪಕರಣವನ್ನೂ ಕಂಪನಿಯ ಜಾಲಕ್ಕೆ ಜೋಡಿಸಬೇಡಿ.

ಹೈಡ್ರೋದ ಆಡಳಿತ ಬೇಗನೆ ಮೂರು ನಿರ್ಧಾರಗಳನ್ನು ಕೈಗೊಂಡಿತು. ಒತ್ತೆಹಣ ಕೊಡುವುದಿಲ್ಲ. ಹೊರಗಿನ ತಜ್ಞರ ನೆರವನ್ನು ಕೂಡಲೇ ಪಡೆಯುವುದು. ಆದದ್ದನ್ನು ಜಗತ್ತಿಗೆ ಮುಚ್ಚಿಡದೆ ಹೇಳುವುದು. ಹಣಕಾಸು ಮುಖ್ಯಸ್ಥ ಐವಿಂದ್ ಕಾಲೆವಿಕ್ ಅಂದೇ ಪತ್ರಕರ್ತರ ಮುಂದೆ ಕೂತರು. ಕಂಪನಿಯ ವೆಬ್‌ಸೈಟ್ ಬಿದ್ದಿದ್ದಾಗ ಸುದ್ದಿಯನ್ನು ಫೇಸ್‌ಬುಕ್ಕಿನಲ್ಲಿ ಹಾಕಲಾಯಿತು.

ಕೊಡುವುದಿಲ್ಲ ಎನ್ನುವ ಧೈರ್ಯ ಬರಿಯ ಛಲದಿಂದ ಬಂದದ್ದಲ್ಲ. ದಾಳಿಕೋರರ ಕೈಗೆ ಸಿಗದ ಬ್ಯಾಕಪ್ ಅವರಲ್ಲಿತ್ತು. ವಿದ್ಯುದಾಗಾರಗಳ ಕಂಪ್ಯೂಟರ್ ಜಾಲ ಕಚೇರಿಯ ಜಾಲದಿಂದ ಬೇರೆಯಾಗಿದ್ದರಿಂದ ಅವು ಎಂದಿನಂತೆ ನಡೆದವು. ಹೆಚ್ಚು ಪೆಟ್ಟು ತಿಂದದ್ದು ಅಲ್ಯೂಮಿನಿಯಂ ಪಟ್ಟಿಗಳನ್ನು ರೂಪಿಸುವ ಕಾರ್ಖಾನೆಗಳು. ಅಲ್ಲಿ ಕೆಲಸಗಾರರು ಮುದ್ರಿತ ಹಾಳೆಗಳನ್ನು ಹಿಡಿದು ಯಂತ್ರಗಳನ್ನು ಕೈಯಿಂದಲೇ ನಡೆಸಿದರು. ಕಂಪ್ಯೂಟರಿಗೆ ಮುಂಚಿನ ಪದ್ಧತಿ ಬಲ್ಲ ನಿವೃತ್ತರೂ ಮರಳಿ ಬಂದು ಕೈಜೋಡಿಸಿದರು. ವರ್ಷದ ಮೊದಲ ಆರು ತಿಂಗಳ ನಷ್ಟವೇ 55ರಿಂದ 65 ಕೋಟಿ ಕ್ರೋನರ್ ಎಂದು ಕಂಪನಿ ಅಂದಾಜು ಮಾಡಿತು. ಸುಲಿಗೆಗಾರರಿಗೆ ಮಾತ್ರ ಒಂದು ಕಾಸೂ ಹೋಗಲಿಲ್ಲ. ಗ್ರಾಹಕರ ನಂಬಿಕೆ ಉಳಿಯಿತು; ಹೈಡ್ರೋದ ನಡೆ ಉಳಿದವರಿಗೆ ಮೇಲ್ಪಂಕ್ತಿಯಾಯಿತು.

ತೆತ್ತವರು, ಅಳಿದವರು

ಸುಲಿಗೆಗಾರರೂ ಕಲಿತರು. ಬ್ಯಾಕಪ್ ಇದ್ದವರು ಹಣ ಕೊಡುವುದಿಲ್ಲವೆಂದು ಕಂಡುಕೊಂಡ ಮೇಜ್ ಎಂಬ ಗುಂಪು 2019ರ ಕೊನೆಗೆ ಹೊಸ ದಾರಿ ಹಿಡಿಯಿತು: ಬೀಗ ಜಡಿಯುವ ಮೊದಲು ದತ್ತಾಂಶವನ್ನು ಕದಿಯುವುದು, ಹಣ ಬಾರದಿದ್ದರೆ ಬೀದಿಗೆ ಹಾಕುವುದು. ಅಂದಿನಿಂದ ಬ್ಯಾಕಪ್ ಒಂದೇ ಸಾಲದಾಯಿತು; ಕಳ್ಳ ಒಳಗೆ ಬಾರದಂತೆ, ಬಂದರೂ ಎಲ್ಲ ಕೋಣೆಗಳಿಗೆ ತಲುಪದಂತೆ ಕಾಯಬೇಕಾಯಿತು.

2021ರ ಮೇ 7ರಂದು ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಯ ಕಂಪ್ಯೂಟರುಗಳಿಗೆ ಡಾರ್ಕ್‌ಸೈಡ್ ಗುಂಪು ಬೀಗ ಜಡಿಯಿತು. ದೇಶದ ಪೂರ್ವ ಕರಾವಳಿಯ ಇಂಧನದಲ್ಲಿ ಸುಮಾರು ಶೇಕಡಾ 45ರಷ್ಟು ಅದರ ಕೊಳವೆಯಲ್ಲಿ ಹರಿಯುತ್ತಿತ್ತು. ಬಳಕೆಯಲ್ಲಿಲ್ಲದ ಒಂದು ಹಳೆಯ ಖಾತೆ, ಅದಕ್ಕೊಂದು ಪಾಸ್‌ವರ್ಡು, ಎರಡನೆಯ ಪರಿಶೀಲನೆ ಇಲ್ಲ: ಬಾಗಿಲು ಅಷ್ಟರಿಂದಲೇ ತೆರೆಯಿತು. ಕಂಪನಿ 75 ಬಿಟ್‌ಕಾಯಿನ್, ಸುಮಾರು 44 ಲಕ್ಷ ಡಾಲರ್, ತೆತ್ತಿತು. ಸಿಕ್ಕ ಕೀಲಿ ಎಷ್ಟು ನಿಧಾನವಾಗಿತ್ತೆಂದರೆ ತನ್ನದೇ ಬ್ಯಾಕಪ್‌ಗಳಿಂದ ಚೇತರಿಸಿಕೊಳ್ಳುವ ಕೆಲಸವನ್ನು ಕಂಪನಿ ನಡೆಸಲೇಬೇಕಾಯಿತು. ತೆತ್ತದ್ದರಲ್ಲಿ ದೊಡ್ಡ ಪಾಲನ್ನು ಎಫ್‌ಬಿಐ ಮುಂದಿನ ತಿಂಗಳು ವಶಪಡಿಸಿಕೊಂಡದ್ದು ಅದರ ಪುಣ್ಯ.

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನಲ್ಲಿ 1865ರಲ್ಲಿ ಕುದುರೆಗಾಡಿಯೊಂದಿಗೆ ಆರಂಭವಾದ ಸಾಗಣೆ ಸಂಸ್ಥೆ ನೈಟ್ಸ್ ಆಫ್ ಓಲ್ಡ್. ಎರಡು ಮಹಾಯುದ್ಧಗಳನ್ನು ದಾಟಿ ಅದು ಸುಮಾರು 500 ಲಾರಿಗಳ ಕೆಎನ್‌ಪಿ ಗುಂಪಿನ ಭಾಗವಾಗಿ ಬೆಳೆದಿತ್ತು. 2023ರಲ್ಲಿ ಅಕಿರಾ ಎಂಬ ಗುಂಪು ಒಬ್ಬ ನೌಕರರ ಸುಲಭದ ಪಾಸ್‌ವರ್ಡನ್ನು ಊಹಿಸಿ ಒಳಬಂದಿತೆಂದು ನಂಬಲಾಗಿದೆ. ಸಂಸ್ಥೆಗೆ ಸೈಬರ್ ವಿಮೆಯಿತ್ತು. ಆದರೆ ದತ್ತಾಂಶ ಮರಳಲಿಲ್ಲ. ಲೆಕ್ಕಪತ್ರವಿಲ್ಲದೆ ಸಾಲ ನೀಡುವವರೂ ಮುಂದೆ ಬರಲಿಲ್ಲ. ಅದೇ ವರ್ಷ 158 ವರ್ಷಗಳ ಆ ಬಾಳು ಮುಗಿಯಿತು. 700ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ಈ ವೃತ್ತಾಂತದ ತೀರ್ಪು

ಮೇರ್ಸ್ಕ್ ಉಳಿದದ್ದು ಅದೃಷ್ಟದಿಂದ. ಹೈಡ್ರೋ ಉಳಿದದ್ದು ಸಿದ್ಧತೆಯಿಂದ. ಘಾನಾದಲ್ಲಿ ಕರೆಂಟು ಹೋಗಿ ಆಕಸ್ಮಿಕವಾಗಿ ಆದ ಉಪಕಾರವನ್ನು ನಾವು ಕೈಯಾರೆ, ಪ್ರತಿವಾರ, ಬುದ್ಧಿಪೂರ್ವಕವಾಗಿ ಮಾಡಿಟ್ಟುಕೊಳ್ಳುವುದೇ ವ್ಯಾಪಾರದ ರಕ್ಷಣೆ. ರೈತ ಎಷ್ಟೇ ಕಷ್ಟ ಬಂದರೂ ಬಿತ್ತನೆ ಬೀಜವನ್ನು ಊಟದ ಕಣಜದಲ್ಲಿ ಬೆರೆಸುವುದಿಲ್ಲ, ಬೇರೆಯೇ ಕಟ್ಟಿಡುತ್ತಾನೆ. ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು ಹೇಳಿಕೊಟ್ಟ 3-2-1 ಸೂತ್ರ ಇದನ್ನೇ ವಿಧಿಸುತ್ತದೆ: ದತ್ತಾಂಶದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಆ ಒಂದು ಪ್ರತಿ ತಂತಿಯಿಂದಲೂ ಜಾಲದಿಂದಲೂ ಕಡಿದಿರಬೇಕೆಂಬ ಮಾತನ್ನು ಈ ಯುಗ ಸೇರಿಸಿತು.

ಇದು ದೊಡ್ಡವರ ಕಥೆಯೆಂದು ಯಾರೂ ಸುಮ್ಮನಿರಬಾರದು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕುಗಳ ಗ್ರಾಹಕರು ಎಟಿಎಂ, ಯುಪಿಐ ಇಲ್ಲದೆ ಕಾದರು. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿಯಮ 2022ರಿಂದ ಇದೆ. ಮರ್ಯಾದೆಗೆ ಅಂಜಿ ಮುಚ್ಚಿಡುವ ಪ್ರತಿ ದಾಳಿಯೂ ಪಕ್ಕದ ಅಂಗಡಿಯವನನ್ನು ಎಚ್ಚರಿಕೆಯಿಲ್ಲದೆ ಬಿಡುತ್ತದೆ.

ಅಂಗಡಿಯಿರಲಿ, ಅಡಿಕೆ ಮಂಡಿಯಿರಲಿ, ಗಾರ್ಮೆಂಟ್ಸ್ ಇರಲಿ, ಆಸ್ಪತ್ರೆಯಿರಲಿ, ನಡೆಸುವವರಲ್ಲಿ ಈ ಲೇಖಕನ ವಿನಂತಿ ಇಷ್ಟು. ಬಂದ ಅಪ್‌ಡೇಟನ್ನು ನಾಳೆಗೆ ತಳ್ಳಬೇಡಿ. ಕೆಲಸ ಬಿಟ್ಟುಹೋದವರ ಖಾತೆಯನ್ನು ಅಂದೇ ಮುಚ್ಚಿಸಿ. ಉಳಿದ ಪ್ರತಿ ಖಾತೆಗೂ ಪಾಸ್‌ವರ್ಡಿನ ಜೊತೆ ಎರಡನೆಯ ಪರಿಶೀಲನೆ ಇಡಿಸಿ. ಲೆಕ್ಕದ ಕಂಪ್ಯೂಟರು ಮತ್ತು ಯಂತ್ರ ನಡೆಸುವ ಕಂಪ್ಯೂಟರು ಒಂದೇ ಜಾಲದಲ್ಲಿರದಂತೆ ನೋಡಿ. ಕಂಪ್ಯೂಟರಿಲ್ಲದ ಒಂದು ದಿನ ವ್ಯವಹಾರ ಹೇಗೆ ನಡೆಸಬೇಕೆಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ವಾರಕ್ಕೊಮ್ಮೆ ಲೆಕ್ಕವನ್ನು ಒಂದು ಡಿಸ್ಕಿಗೆ ಇಳಿಸಿ, ತಂತಿ ಕಿತ್ತು, ಬೇರೆ ಮನೆಯ ಬೀರುವಿನಲ್ಲಿಡಿ. ಮೂರು ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ನಿಜವಾಗಿ ಎಲ್ಲವನ್ನೂ ಮರಳಿ ತೆಗೆದು ನೋಡಿ. ಹಾಗೆ ತೆಗೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.